ಹಿಡಿಸೂಡಿ (ಪೊರಕೆ) ಕೊಟ್ಟರೆ ಸಾಲದು ಧಣಿಗಳೇ, ಜಾಗವನ್ನೂ ಸಮಯವನ್ನೂ ಕೊಡಿ

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ, ನಂದಿಕೂರು ಕೈಗಾರಿಕಾ ಪ್ರದೇಶಗಳ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳ ಮಾಲೀಕರಿಗೆ,
ಹಾಗೆಯೇ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬೈಕಂಪಾಡಿಯಲ್ಲಿ ಸ್ಟೋರ್ ಕೀಪರ್ ಆಗಿ ದುಡಿದು ನಿವೃತ್ತನಾದವನು. ಬೋಲ್ಟು, ಬೇರಿಂಗು, ಎಣ್ಣೆ ಡಬ್ಬ, ಗೋಣಿ ಎಣಿಸುತ್ತಲೇ ಕೂದಲು ಹಣ್ಣಾಯಿತು. ಯಾವ ವಸ್ತು ಎಲ್ಲಿದೆ ಅಂತ ನೋಡುವುದೇ ನನ್ನ ಕೆಲಸವಾಗಿತ್ತು. ಆ ಚಾಳಿ ಇನ್ನೂ ಬಿಟ್ಟಿಲ್ಲ. ಯಾರ ಶೆಡ್ಡಿಗೆ ಹೋದರೂ ಕಣ್ಣು ಮೊದಲು ಹೋಗುವುದು ನೆಲಕ್ಕೆ, ಆಮೇಲೆ ಮೂಲೆಗೆ, ಆಮೇಲೆ ಮೆಟ್ಟಿಲಿನ ಅಡಿಗೆ.

ಮಳೆಗಾಲ ಹತ್ತಿರ ಬಂದಿದೆ. ಅದಕ್ಕೇ ಈ ಪತ್ರ ಈಗ ಬರೆಯುತ್ತಿದ್ದೇನೆ.

ನಮ್ಮ ಊರಿನ ಕಾರ್ಖಾನೆಗಳಲ್ಲಿ ಜೂನ್ ತಿಂಗಳಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಬೇಸಿಗೆಯಲ್ಲಿ ಅಂಗಳದಲ್ಲಿ ಇರುವ ಸಾಮಾನೆಲ್ಲ ಮೊದಲ ದೊಡ್ಡ ಮಳೆಗೆ ಒಳಗೆ ಬರುತ್ತದೆ. ಕಬ್ಬಿಣದ ಶೀಟು, ರಟ್ಟಿನ ಪೆಟ್ಟಿಗೆ, ಕಚ್ಚಾ ಮಾಲಿನ ಗೋಣಿ, ಖಾಲಿ ಡ್ರಮ್ಮು, ಮುರಿದ ಪ್ಯಾಲೆಟ್ಟು, ಎಲ್ಲವೂ. ಶೆಡ್ಡು ದೊಡ್ಡದಾಗುವುದಿಲ್ಲ. ಮಷೀನುಗಳು ಸರಿದು ಜಾಗ ಬಿಡುವುದಿಲ್ಲ. ಹಾಗಾದರೆ ಅಷ್ಟು ಸಾಮಾನು ಎಲ್ಲಿ ಕೂರುತ್ತದೆ? ಜನ ನಡೆಯುವ ದಾರಿಯಲ್ಲಿ. ಇಬ್ಬರು ಎದುರುಬದುರು ನಡೆಯುತ್ತಿದ್ದ ದಾರಿಯಲ್ಲಿ ಈಗ ಒಬ್ಬ ಅಡ್ಡ ತಿರುಗಿ ಹೋಗಬೇಕು. ಅದೂ ಕೈಯಲ್ಲಿ ಭಾರ ಹಿಡಿದುಕೊಂಡು. ಬಾಗಿಲಿಗೆ ಹಾಕಿದ ಗೋಣಿ ಎರಡೇ ದಿನದಲ್ಲಿ ನೀರು ಕುಡಿದು, ಕಾಲು ಒರೆಸುವ ಬದಲು ಕಾಲು ಜಾರಿಸುತ್ತದೆ. ಹಿಂದಿನ ಬಾಗಿಲಿನ ಸಿಮೆಂಟಿನ ಮೇಲೆ ಪಾಚಿ. ಮಾಡಿನ ಶೀಟಿನಲ್ಲಿ ಒಂದು ತೂತು, ಅದರ ಕೆಳಗೊಂದು ಬಕೆಟು. ಬಕೆಟು ತುಂಬಿದ್ದು ಯಾರೂ ನೋಡಿರುವುದಿಲ್ಲ.

ಇಂಥ ಕಡೆ ಒಬ್ಬ ಬಿದ್ದು ಕೈ ಮುರಿದುಕೊಂಡರೆ ಎಲ್ಲರೂ ಹೇಳುವುದು ಒಂದೇ ಮಾತು. 'ಅವನಿಗೆ ಸ್ವಲ್ಪ ನೋಡಿಕೊಂಡು ನಡೆಯಲಿಕ್ಕೆ ಏನಾಗಿತ್ತು ಮಾರಾಯ್ರೆ?'

ಈ ಮಾತಿನ ಬಗ್ಗೆಯೇ ನನ್ನ ತಕರಾರು. ಕೆಲಸದ ಜಾಗ ಅಸ್ತವ್ಯಸ್ತ ಆಗುವುದು ಕೆಲಸದವರ ಸೋಮಾರಿತನದಿಂದ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನು ನೋಡಿದ ಮಟ್ಟಿಗೆ ಅದು ಹಾಗಲ್ಲ. ದಾರಿಯಲ್ಲಿ ಬಿದ್ದ ಹತ್ತು ವಸ್ತುಗಳನ್ನು ಎತ್ತಿ, ಒಂದೊಂದಕ್ಕೂ 'ಇದರ ಜಾಗ ಎಲ್ಲಿ?' ಅಂತ ಕೇಳಿ ನೋಡಿ. ಹೆಚ್ಚಿನವುಗಳಿಗೆ ಜಾಗವೇ ಇರುವುದಿಲ್ಲ. ಜಾಗ ಇರುವ ಒಂದೆರಡನ್ನು ಅಲ್ಲಿ ಕೊಂಡುಹೋಗಿ ಇಡಲು ಯಾರಿಗೂ ಹೊತ್ತು ಕೊಟ್ಟಿರುವುದಿಲ್ಲ. ಜಾಗ ಗೊತ್ತುಮಾಡುವುದು, ಹೊತ್ತು ಕೊಡುವುದು, ಇವೆರಡೂ ಕೂಲಿಯವನ ಕೈಯಲ್ಲಿ ಇಲ್ಲ ಧಣಿಗಳೇ. ನಿಮ್ಮ ಕೈಯಲ್ಲಿದೆ.

ವೆಲ್ಡಿಂಗ್ ಶೆಡ್ಡನ್ನೇ ತೆಗೆದುಕೊಳ್ಳಿ. ರಾಡು ಉರಿದು ಎರಡು ಇಂಚು ಉಳಿದಾಗ ವೆಲ್ಡರ್ ಅದನ್ನು ಹೋಲ್ಡರಿನಿಂದ ಕೊಡವಿ ಬಿಡುತ್ತಾನೆ. ಅದು ನೆಲಕ್ಕೆ ಬೀಳುತ್ತದೆ. ಉರುಟಾದ ಕಬ್ಬಿಣದ ತುಂಡು, ಸಿಮೆಂಟು ನೆಲ, ಮೇಲೆ ಹವಾಯಿ ಚಪ್ಪಲಿ ಹಾಕಿದ ಕಾಲು. ಮುಂದಿನದ್ದು ಹೇಳಬೇಕಾಗಿಲ್ಲ. ವೆಲ್ಡರಿಗೆ ಬೈದು ಏನು ಪ್ರಯೋಜನ? ಅವನ ಮೊಣಕಾಲಿನ ಪಕ್ಕ ಒಂದು ಹಳೆಯ ಪೈಂಟಿನ ಡಬ್ಬ ಇಟ್ಟಿದ್ದರೆ ಅವನು ಅದರೊಳಗೇ ಕೊಡವುತ್ತಿದ್ದ. ಡಬ್ಬ ಹತ್ತು ಅಡಿ ದೂರ ಇದ್ದರೆ ಕೊಡವುವುದಿಲ್ಲ, ಯಾರೂ ಕೊಡವುವುದಿಲ್ಲ. ಕೇಬಲ್ಲಿನದ್ದೂ ಹಾಗೆಯೇ. ಗೋಡೆಯಲ್ಲಿ ಕೊಕ್ಕೆ ಇದ್ದರೆ ಸುತ್ತಿ ತೂಗು ಹಾಕುತ್ತಾರೆ, ಇಲ್ಲದಿದ್ದರೆ ನೆಲದಲ್ಲೇ ಬಿಡುತ್ತಾರೆ. ಎಣ್ಣೆ ಒರೆಸಿದ ಬಟ್ಟೆಗೆ ಮುಚ್ಚಳ ಇರುವ ಕಬ್ಬಿಣದ ಡಬ್ಬ ಬೇಕು. ಇಲ್ಲದಿದ್ದರೆ ಅದು ಮೂಲೆ ಸೇರುತ್ತದೆ, ಗ್ರೈಂಡರಿನ ಕಿಡಿ ಅಲ್ಲಿಗೆ ಹಾರುತ್ತದೆ. ಆಕ್ಸಿಜನ್ ಸಿಲಿಂಡರಿನ ಹತ್ತಿರ ಎಣ್ಣೆ, ಗ್ರೀಸು ಇಡಲೇಬಾರದು ಅಂತ ಎಲ್ಲ ವೆಲ್ಡರುಗಳಿಗೂ ಗೊತ್ತಿದೆ. ಆದರೆ ಇರುವ ಒಂದೇ ಮೂಲೆಯಲ್ಲಿ ಎರಡನ್ನೂ ಇಡಿ ಅಂದರೆ ಅವರು ತಾನೇ ಏನು ಮಾಡಿಯಾರು?

ನಿಮಗೆ ಅಚ್ಚುಕಟ್ಟು ಅಂದರೇನು ಅಂತ ಹೊಸದಾಗಿ ಕಲಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ನೀವೇ ಮಾಡಿ ತೋರಿಸುತ್ತೀರಿ. ಆಯುಧ ಪೂಜೆಯ ಹಿಂದಿನ ದಿನ ಬೈಕಂಪಾಡಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಮಷೀನು ನಿಲ್ಲಿಸಿ, ಡೀಸೆಲ್ ಹಾಕಿ ಉಜ್ಜಿ, ನೆಲ ತೊಳೆದು, ಗುಜರಿಯವರ ಟೆಂಪೋ ಕರೆಸಿ, ವರ್ಷದ ಕಸವನ್ನೆಲ್ಲ ಹೊರಗೆ ಹಾಕುತ್ತೀರಿ. ಕಳೆದುಹೋಯಿತು ಅಂತ ಹೊಸದು ತರಿಸಿದ ಸ್ಪ್ಯಾನರುಗಳು ಅವತ್ತು ಸಿಗುತ್ತವೆ. ಗೋಡೆಯಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇದೆ ಅಂತ ಹೊಸ ಹುಡುಗರಿಗೆ ತಿಳಿಯುವುದೂ ಅವತ್ತೇ, ಯಾಕೆಂದರೆ ಅದರ ಮುಂದಿದ್ದ ಪೆಟ್ಟಿಗೆಗಳು ಹೋಗಿರುತ್ತವೆ. ಸೇವಂತಿಗೆ ಮಾಲೆ, ಬಾಳೆ ಕಂದು, ಪಂಚಕಜ್ಜಾಯ. ನೋಡಲು ಎಷ್ಟು ಚಂದ ಅಲ್ವಾ? (ಗೇಟಿನ ಎದುರು ರಸ್ತೆಯಲ್ಲೇ ಕುಂಬಳಕಾಯಿ ಒಡೆದು ಹಾಗೇ ಬಿಟ್ಟು ಹೋಗುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಸ್ಕೂಟರಿನವರು ಅದರ ಮೇಲೆ ಜಾರುತ್ತಾರೆ.)

ಆ ದಿನ ಅದು ಹೇಗೆ ಸಾಧ್ಯವಾಗುತ್ತದೆ? ಅದೇ ಕೆಲಸದವರು, ಅದೇ ಶೆಡ್ಡು. ವ್ಯತ್ಯಾಸ ಇಷ್ಟೇ, ಅವತ್ತು ಮಷೀನು ನಿಂತಿರುತ್ತದೆ, ಕೂಲಿ ಮಾತ್ರ ನಡೆಯುತ್ತಿರುತ್ತದೆ. ಇನ್ನೂ ಒಂದು ಇದೆ. 'ಇದನ್ನು ಬಿಸಾಡಬಹುದು' ಅಂತ ಹೇಳಲು ಧಣಿ ಸ್ವತಃ ಅಲ್ಲಿ ನಿಂತಿರುತ್ತಾರೆ.

ಬಿಸಾಡುವ ವಿಷಯದಲ್ಲಿ ಒಬ್ಬ ಸ್ಟೋರ್ ಕೀಪರಿನ ಮಾತು ಕೇಳಿ. ಕಾರ್ಖಾನೆಯಲ್ಲಿ ಅತಿ ಹೆಚ್ಚು ಜಾಗ ತಿನ್ನುವುದು 'ಬೇಕಾಗ್ತದೆ' ಅಂತ ಇಟ್ಟ ಸಾಮಾನು. ಸುಟ್ಟ ಮೋಟಾರು, ಹಳೆಯ ಮಷೀನಿನ ಗಾರ್ಡು, ಅರ್ಧ ಉಳಿದ ಪೈಪು, ಕಂಪನಿಯೇ ಮುಚ್ಚಿಹೋದ ಮಷೀನಿನ ಬಿಡಿಭಾಗ. ನೂರರಲ್ಲಿ ಒಂದು ನಿಜವಾಗಿ ಬೇಕಾಗುತ್ತದೆ, ಅದನ್ನೇ ಎಲ್ಲರೂ ಹತ್ತು ವರ್ಷ ನೆನಪಿಟ್ಟುಕೊಂಡು ಹೇಳುತ್ತಾರೆ. ಕೆಲಸದ ಜಾಗವನ್ನು ಅಚ್ಚುಕಟ್ಟಾಗಿ ಇಡಲು ಜಪಾನಿನ ಕಾರ್ಖಾನೆಗಳಿಂದ ಬಂದ ಫೈವ್ ಎಸ್ ಪದ್ಧತಿಯಲ್ಲಿ ಇದಕ್ಕೊಂದು ಸರಳ ಉಪಾಯ ಇದೆ. ಅನುಮಾನ ಇರುವ ವಸ್ತುವಿಗೆ ಕೆಂಪು ಚೀಟಿ ಕಟ್ಟಿ, ದಿನಾಂಕ ಬರೆದು, ಒಂದು ಕಡೆ ಇಡುವುದು. ಗೊತ್ತುಮಾಡಿದ ಅವಧಿಯೊಳಗೆ ಯಾರೂ ಕೇಳದಿದ್ದರೆ ಹೊರಗೆ. ಇದಕ್ಕೆ ಕನ್ಸಲ್ಟೆಂಟ್ ಬೇಡ, ಸರ್ಟಿಫಿಕೇಟ್ ಬೇಡ. ಕೆಂಪು ರಟ್ಟು ಮತ್ತು ಒಂದು ಸ್ಕೆಚ್ ಪೆನ್ ಸಾಕು. ಆದರೆ ಅವಧಿ ಮುಗಿದ ಮೇಲೆ ಕೊಡಲು ನಿಮ್ಮ ಮನಸ್ಸು ಒಪ್ಪಬೇಕು. ಫೈವ್ ಎಸ್ ಬೋರ್ಡು ದೊಡ್ಡದಾಗಿ ಬರೆಸಿ, ಅದರ ಕೆಳಗೇ ಹಳೆ ಮೋಟಾರುಗಳ ಗುಡ್ಡೆ ಹಾಕಿದ್ದನ್ನೂ ನೋಡಿದ್ದೇನೆ.

ಉಳಿದ ಸಾಮಾನಿಗೆ ಖಾಯಂ ಜಾಗ ಬೇಕು. ಮನೆಯಲ್ಲಿ ಕರೆಂಟು ಹೋದರೂ ಕತ್ತಲೆಯಲ್ಲಿ ಕೈ ಉಪ್ಪಿನ ಮರಿಗೆಗೇ ಹೋಗುತ್ತದಲ್ಲ, ಅಷ್ಟು ಖಾಯಂ ಜಾಗ. ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನು ಪೈಂಟಿನಲ್ಲಿ ಬಿಡಿಸಿ, ಮೊಳೆ ಹೊಡೆದು ತೂಗು ಹಾಕಿ. ಸಂಜೆ ಯಾವುದು ಬಂದಿಲ್ಲ ಅಂತ ದೂರದಿಂದಲೇ ಕಾಣುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಈಗ ನಮ್ಮ ಶೆಡ್ಡುಗಳಲ್ಲಿ ಒಡಿಶಾ, ಬಿಹಾರ, ಬಂಗಾಳದ ಹುಡುಗರು ಜಾಸ್ತಿ. ಸೂಪರ್‌ವೈಸರು ತುಳುವಿನಲ್ಲಿ ಬೈಯುತ್ತಾರೆ, ಬೋರ್ಡು ಇಂಗ್ಲಿಷಿನಲ್ಲಿರುತ್ತದೆ, ಅವರಿಗೆ ಎರಡೂ ಅರ್ಥವಾಗುವುದಿಲ್ಲ. ಗೋಡೆಯ ಮೇಲಿನ ಸ್ಪ್ಯಾನರಿನ ಚಿತ್ರಕ್ಕೆ ಭಾಷೆ ಬೇಡ. ನೆಲಕ್ಕೆ ಹೊಡೆದ ಹಳದಿ ಪಟ್ಟಿಗೂ ಬೇಡ. ಆ ಪಟ್ಟಿಯ ಒಳಗೆ ಏನೂ ಇಡಬಾರದು, ಧಣಿಯ ಬೈಕೂ ಇಡಬಾರದು.

ಇನ್ನು ಹೊತ್ತಿನ ವಿಷಯ. ನನ್ನ ಬೇಡಿಕೆ ಇದು: ಪ್ರತಿ ಶಿಫ್ಟಿನ ಕೊನೆಯ 15 ನಿಮಿಷ ಮಷೀನು ನಿಲ್ಲಿಸಿ, ಕೂಲಿ ಕೊಟ್ಟು, ಎಲ್ಲರೂ ಸೇರಿ ಸರಿಮಾಡಲು ಬಿಡಿ. ಮಷೀನು ನಿಲ್ಲಿಸಿ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಈಗ ಏನಾಗುತ್ತಿದೆ? ಪ್ರೊಡಕ್ಷನ್ ನಿಲ್ಲಬಾರದು, ಆದರೆ ಸಂಜೆಯೊಳಗೆ ಚೊಕ್ಕ ಆಗಬೇಕು. ಹಾಗಾಗಿ ತಿರುಗುವ ಕನ್ವೇಯರ್ ಬೆಲ್ಟಿನ ಅಡಿಗೆ ಹಿಡಿಸೂಡಿ ಹಾಕುತ್ತಾರೆ, ತಿರುಗುವ ಲೇತಿನಿಂದ ಕಬ್ಬಿಣದ ಸುರುಳಿಯನ್ನು ಕೈಯಲ್ಲೇ ಎಳೆಯುತ್ತಾರೆ. ಕೈ ಹೋಗುವುದು ಆಗಲೇ. ಮನೆಗೆ ಹೋಗುವ ಅವಸರದಲ್ಲಿ ಕಂಪ್ರೆಸರಿನ ಗಾಳಿಯನ್ನು ಮೈಮೇಲಿನ ಬಟ್ಟೆಗೆ ಹೊಡೆದುಕೊಳ್ಳುವುದಂತೂ ಎಲ್ಲ ಕಡೆ ಇದೆ. ಆ ಗಾಳಿಗೆ ಕಣ್ಣು, ಕಿವಿಯ ತಮಟೆ ಹೋಗಬಹುದು, ಗಾಯ ಇದ್ದರೆ ಚರ್ಮದ ಒಳಗೇ ಗಾಳಿ ನುಗ್ಗಬಹುದು. ಅದು ತಮಾಷೆ ಅಲ್ಲ.

20 ಜನ ಇರುವ ಶೆಡ್ಡಿನಲ್ಲಿ 15 ನಿಮಿಷ ಅಂದರೆ ದಿನಕ್ಕೆ 5 ಗಂಟೆಯ ಕೂಲಿ. ಖರ್ಚು ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ 20 ಜನ ಪಾನಾ ಎಲ್ಲಿ, ಟೇಪು ಎಲ್ಲಿ, ಡ್ರಿಲ್ ಬಿಟ್ಟು ಎಲ್ಲಿ ಅಂತ ದಿನಕ್ಕೆ 10 ನಿಮಿಷ ಹುಡುಕಿದರೂ ಮೂರು ಗಂಟೆಗಿಂತ ಜಾಸ್ತಿ ಆಯಿತು. ಅದನ್ನು ನೀವು ಈಗಾಗಲೇ ಕೊಡುತ್ತಿದ್ದೀರಿ, ಲೆಕ್ಕದಲ್ಲಿ ಕಾಣುವುದಿಲ್ಲ ಅಷ್ಟೇ. ಪೀಸ್ ರೇಟಿನಲ್ಲಿ ದುಡಿಯುವವರಿಗೆ ಈ 15 ನಿಮಿಷದ ದುಡ್ಡನ್ನು ಬೇರೆಯಾಗಿ ಸೇರಿಸಬೇಕು. ಇಲ್ಲದಿದ್ದರೆ ಅವರು ಮಾಡುವುದಿಲ್ಲ, ಮಾಡಬೇಕು ಅಂತ ಹೇಳುವ ಹಕ್ಕೂ ನಮಗಿಲ್ಲ.

ಎಲ್ಲ ಕಡೆ ಒಂದೇ ಮದ್ದು ನಡೆಯುವುದಿಲ್ಲ ಅಂತಲೂ ಗೊತ್ತು. ಗೇರುಬೀಜದ ಕಾರ್ಖಾನೆಯಲ್ಲಿ ನೆಲಕ್ಕೆ ಬೀಳುವುದು ಬರೀ ಸಿಪ್ಪೆ ಅಲ್ಲ, ಚರ್ಮ ಸುಡುವ ಎಣ್ಣೆ. ಕಾಲಿಗೂ ಜಾರು, ಮೈಗೂ ಉರಿ. ಆ ಸಿಪ್ಪೆ ಬಾಯ್ಲರಿಗೆ ಒಳ್ಳೆಯ ಸೌದೆ, ಅಂದರೆ ಬಾಯ್ಲರಿನ ಪಕ್ಕದಲ್ಲೇ ಗುಡ್ಡೆ ಹಾಕಿದರೆ ಬೆಂಕಿಗೂ ಒಳ್ಳೆಯ ಸೌದೆ. ಹೊಟೇಲಿನ ಅಡುಗೆಮನೆಯಲ್ಲಿ ಕುದಿಯುವ ಸಾಂಬಾರಿನ ಪಾತ್ರೆ ಹಿಡಿದವನ ದಾರಿಗೆ ತರಕಾರಿ ಗೋಣಿ ಅಡ್ಡ ಇರಬಾರದು, ಅಷ್ಟು ಸಾಕು. ಮರದ ಕೆಲಸದವರು ಚೆಲ್ಲಿದ ಎಣ್ಣೆಗೆ ಮರದ ಹುಡಿ ಹಾಕುತ್ತಾರೆ. ಒಳ್ಳೆಯದೇ, ಆದರೆ ಹಾಕಿದ ಮೇಲೆ ಗುಡಿಸಿ ತೆಗೆಯಬೇಕು. ಎಣ್ಣೆ ಕುಡಿದ ಹುಡಿ ಅಲ್ಲೇ ಉಳಿದರೆ ಅದೂ ಸೌದೆಯೇ.

ಮೀನಿನ ಘಟಕಗಳ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. 2022ರ ಏಪ್ರಿಲ್ ತಿಂಗಳಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಐವರು ಸತ್ತರು. ಮೀನಿನ ತ್ಯಾಜ್ಯದ ಟ್ಯಾಂಕಿನೊಳಗೆ ಒಬ್ಬ ಕುಸಿದಾಗ, ಅವನನ್ನು ಎತ್ತಲು ಹೋದವರೂ ವಿಷಗಾಳಿಗೆ ಬಲಿಯಾದರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಕೊಳೆತ ಮೀನಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂತ ಅಂದುಕೊಂಡವನು ಮೇಲೆ ಬರುವುದಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಶುಚಿ ಮಾಡುವುದನ್ನೇ ನಾವು ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಷೀನು ನಡೆಸಲು ಟ್ರೇನಿಂಗ್ ಉಂಟು, ಟ್ಯಾಂಕು ತೊಳೆಯಲು ಹೊಸ ಹುಡುಗ ಸಾಕು. 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಇಂಥ ಟ್ಯಾಂಕು, ಗುಂಡಿಗಳ ಬಗ್ಗೆಯೇ ಇತ್ತು. ಒಳಗಿನ ಗಾಳಿ ಪರೀಕ್ಷೆ ಮಾಡಿ, ತಿಳಿದವರು ಬರೆದು ಕೊಡಬೇಕು. ಇಲ್ಲದಿದ್ದರೆ ಉಸಿರಾಟದ ಉಪಕರಣ ಹಾಕಿ, ಸೊಂಟಕ್ಕೆ ಬೆಲ್ಟು ಕಟ್ಟಿ, ಅದರ ಹಗ್ಗವನ್ನು ಹೊರಗೆ ನಿಂತವನು ಹಿಡಿದಿರಬೇಕು. ತ್ಯಾಜ್ಯ ದಿನದಿನವೂ ಹೊರಗೆ ಹೋಗುವ ವ್ಯವಸ್ಥೆ ಇದ್ದರೆ ಮನುಷ್ಯ ಟ್ಯಾಂಕಿಗೆ ಇಳಿಯುವ ಪ್ರಸಂಗವೂ ಕಡಿಮೆಯಾಗುತ್ತದೆ.

ಕಾಯ್ದೆಯ ಮಾತು ಬಂದದ್ದರಿಂದ ಅಧಿಕಾರಿಗಳಿಗೂ ನಾಲ್ಕು ಮಾತು.

ನೆಲ, ಮೆಟ್ಟಿಲು, ನಡೆಯುವ ದಾರಿಯಲ್ಲಿ ಅಡೆತಡೆ ಇರಬಾರದು, ಕಾಲು ಜಾರಿಸುವ ಏನೂ ಇರಬಾರದು ಅಂತ ಆ ಕಾಯ್ದೆಯ 32ನೇ ಸೆಕ್ಷನ್ ಹೇಳಿತ್ತು. ಕೆಲಸದ ಕೋಣೆಯ ಮತ್ತು ಮೆಟ್ಟಿಲಿನ ಕಸ ದಿನಾ ತೆಗೆಯಬೇಕು, ನೆಲವನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು ಅಂತ 11ನೇ ಸೆಕ್ಷನ್. ಬರಹದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕರೆಂಟು ಬಳಸುವ ಕಡೆ 10 ಜನ ಇದ್ದರೂ ಅದು ಕಾರ್ಖಾನೆ ಅನ್ನಿಸಿಕೊಳ್ಳುತ್ತಿತ್ತು. ಆ ಕಾಯ್ದೆಯ ಬದಲಿಗೆ ಬಂದ 2020ರ ಹೊಸ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಯೆಯ್ಯಾಡಿಯಲ್ಲಿ, ಶಿವಳ್ಳಿಯಲ್ಲಿ ಹತ್ತು ಹದಿನೈದು ಜನ ಇರುವ ಶೆಡ್ಡುಗಳೇ ಎಷ್ಟಿವೆ ಅಂತ ನಿಮಗೆ ನಾನು ಹೇಳಬೇಕೇ? ಹತ್ತೊಂಬತ್ತು ಜನರ ಶೆಡ್ಡಿನಲ್ಲಿ ಚೆಲ್ಲಿದ ಎಣ್ಣೆ ಕಡಿಮೆ ಜಾರುತ್ತದೆಯೇ? ಅಲ್ಲಿ ಕೇಸು ಹಾಕದಿದ್ದರೂ ಹೋಗಿ ನೋಡಿ ಸಲಹೆ ಕೊಡುವುದನ್ನು ಯಾರೂ ಬೇಡ ಅನ್ನುವುದಿಲ್ಲ. ಕೈಗಾರಿಕಾ ಸಂಘಗಳನ್ನು ಜೊತೆಗೆ ಕರೆದುಕೊಂಡು ಹೋಗಿ.

ಅಪಘಾತದ ಲೆಕ್ಕದ್ದು ಇನ್ನೊಂದು ಕತೆ. ಗಾಯಗೊಂಡವನು 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ ತಿಳಿಸಬೇಕು ಅನ್ನುವುದು ಹಳೆಯ ಕಾಯ್ದೆಯ ನಿಯಮ. ಹಾಗಾಗಿ ಕೆಲವು ಕಡೆ ಬ್ಯಾಂಡೇಜ್ ಸುತ್ತಿದವನನ್ನು ಮರುದಿನವೇ ಕರೆಸಿ ಗೇಟಿನಲ್ಲಿ ಕೂರಿಸುತ್ತಾರೆ. ಇನ್ನು ಕೆಲವು ಕಡೆ 'ಮನೆಯ ಬಚ್ಚಲಲ್ಲಿ ಜಾರಿದೆ ಅಂತ ಹೇಳು' ಅನ್ನುತ್ತಾರೆ. ಹಾಗೆ ಹೇಳಿದವನಿಗೆ ಕೆಲಸದಲ್ಲಿ ಗಾಯವಾದವರಿಗೆ ಇಎಸ್‌ಐ ಅನ್ನುವ ಕಾರ್ಮಿಕರ ವಿಮೆಯಲ್ಲಿ ಸಿಗುವ ಭತ್ಯೆ ತಪ್ಪುತ್ತದೆ. ಕೂಲಿಯ 90 ಶೇಕಡಾ ಅದು, ಸಣ್ಣ ಮೊತ್ತ ಅಲ್ಲ. ಧಣಿಗೂ ತನ್ನ ಶೆಡ್ಡಿನಲ್ಲಿ ಯಾವ ಜಾಗ ಜನರನ್ನು ಬೀಳಿಸುತ್ತಿದೆ ಅಂತ ಗೊತ್ತಾಗದೆ ಹೋಗುತ್ತದೆ. ಬೀಳುವುದು ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ಬರೆದವನಿಗೆ ಬೈಯಬೇಡಿ. ಬೈದರೆ ಆ ಪುಸ್ತಕ ಜನ್ಮದಲ್ಲಿ ತುಂಬುವುದಿಲ್ಲ.

ಸಣ್ಣಪುಟ್ಟದ್ದು ಇನ್ನೂ ತುಂಬ ಇದೆ, ಎಲ್ಲ ಬರೆದರೆ ಓದುವವರಿಗೆ ಸುಸ್ತು. ಎರಡನ್ನು ಮಾತ್ರ ಬಿಡಲಾರೆ. ಕರೆಂಟಿನ ಮೈನ್ ಬೋರ್ಡಿನ ಮುಂದೆ ಒಂದು ಮೀಟರ್ ಜಾಗ ಖಾಲಿ ಇರಬೇಕು ಅಂತ ನಿಯಮ ಇದೆ. ಮಳೆಗಾಲದಲ್ಲಿ ಒದ್ದೆ ಕೊಡೆಗಳನ್ನು ತೂಗು ಹಾಕಲು ಎಲ್ಲರಿಗೂ ಅದೇ ಜಾಗ ಬೇಕು, ಯಾಕೋ ಗೊತ್ತಿಲ್ಲ. ಎರಡನೆಯದು ಹಿಂದಿನ ಬಾಗಿಲು. ಕಳ್ಳತನದ ಭಯಕ್ಕೆ ಬೀಗ ಹಾಕಿ, ಬೀಗ ಹಾಕಿದ ಮೇಲೆ ಹೇಗೂ ಉಪಯೋಗಕ್ಕಿಲ್ಲ ಅಂತ ಅದರ ಎದುರು ರಟ್ಟಿನ ಪೆಟ್ಟಿಗೆ ಪೇರಿಸುತ್ತೀರಿ. ರಾತ್ರಿ ಪಾಳಿಯವರು ಬೆಂಕಿ ಬಿದ್ದರೆ ಎಲ್ಲಿಂದ ಓಡಬೇಕು?

ಇಲಾಖೆಗೆ ಕೊನೆಯದಾಗಿ ಒಂದು ಕೋರಿಕೆ. ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. ಬ್ಯಾನರ್ ಕಟ್ಟುತ್ತೇವೆ, ಪ್ರತಿಜ್ಞೆ ಓದುತ್ತೇವೆ, ಬ್ಯಾಡ್ಜ್ ಚುಚ್ಚಿಕೊಳ್ಳುತ್ತೇವೆ, ವಾರವಿಡೀ ಭಾಷಣ. ಆಗ ನಮ್ಮೂರಿನಲ್ಲಿ ನೆಲ ಒಣಗಿರುತ್ತದೆ, ಅಂಗಳ ತುಂಬ ಬಿಸಿಲು, ಸಾಮಾನೆಲ್ಲ ಹೊರಗೆ. ಎಲ್ಲ ಶೆಡ್ಡುಗಳೂ ಚಂದವೇ ಕಾಣುತ್ತವೆ. ನೀವು ಜುಲೈಯಲ್ಲಿ ಬನ್ನಿ. ಬೆಳಿಗ್ಗೆ ಬರಬೇಡಿ, ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ, ಮಳೆ ಜೋರಾಗಿ ಸುರಿಯುವಾಗ ಬನ್ನಿ. ಆಫೀಸಿನಲ್ಲಿ ಕೂತು ಚಾ ಕುಡಿಯುವ ಮೊದಲು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ನೋಡಿ. ಧಣಿಗಳನ್ನೂ ಜೊತೆಗೆ ನಡೆಸಿ. ದಾರಿಯಲ್ಲಿ ಎಷ್ಟು ಸಲ ಅಡ್ಡ ತಿರುಗಬೇಕಾಯಿತು, ಎಷ್ಟು ಸಲ ಏನನ್ನಾದರೂ ದಾಟಬೇಕಾಯಿತು ಅಂತ ಬರೆದುಕೊಂಡು, ಆ ಚೀಟಿಯನ್ನು ಅವರ ಕೈಗೇ ಕೊಟ್ಟು ಹೋಗಿ. ಮುಂದಿನ ತಿಂಗಳು ಅದೇ ಚೀಟಿ ಹಿಡಿದು ಪುನಃ ಬನ್ನಿ.

ಇತಿ,
ಬೈಕಂಪಾಡಿಯ ಒಬ್ಬ ನಿವೃತ್ತ ಸ್ಟೋರ್ ಕೀಪರ್
ಸುರತ್ಕಲ್